ಎಲೆ ಯಾವುದು, ಕೊಪ್ಪರಿಗೆ ಯಾವುದು

ಕಂಪ್ಯೂಟರಿನೊಳಗೆ ಇರುವುದನ್ನು ಕಣ್ಣಾರೆ ನೋಡದೆ ನಂಬದವರು ಪ್ರತಿ ಕಚೇರಿಯಲ್ಲೂ ಒಬ್ಬರಾದರೂ ಇರುತ್ತಾರೆ. ವರದಿ ತೆಗೆದುಕೊಟ್ಟರೆ ಅವರಿಗೆ ಸಾಲದು, ಪಟ್ಟಿ ಮುದ್ರಿಸಿ ಕೈಗಿಟ್ಟರೂ ಸಾಲದು. "ಅದೆಲ್ಲಾ ಸರಿ, ಒಳಗೆ ಏನಿದೆ ತೋರಿಸಿ" ಅನ್ನುತ್ತಾರೆ. ಇಂಥವರನ್ನು ಕಂಡರೆ ತಂತ್ರಜ್ಞರಿಗೆ ಸಾಮಾನ್ಯವಾಗಿ ಕಿರಿಕಿರಿ. ನನಗೆ ಮಾತ್ರ ಗೌರವ. ಅಪ್ಲಿಕೇಶನ್ ಎಂಬುದು ಅದನ್ನು ಬರೆದವನು ತೋರಿಸಬೇಕು ಅಂದುಕೊಂಡದ್ದನ್ನು ಮಾತ್ರ ತೋರಿಸುತ್ತದೆ. ಡೇಟಾಬೇಸಿಗೆ ಅಂಥ ದಾಕ್ಷಿಣ್ಯವಿಲ್ಲ. ತುಂಬಿದವರ ಜಾಣತನ, ಸೋಮಾರಿತನ, ಎರಡು ಸಲ ಒತ್ತಿದ ಎಂಟರ್ ಕೀ, ಎಲ್ಲವೂ ಅಲ್ಲಿ ಸಾಲುಸಾಲಾಗಿ ಕೂತಿರುತ್ತವೆ.

ನಮ್ಮ ಕಚೇರಿಯ ಲೆಕ್ಕಪತ್ರದ ಹಿರಿಯರು ಈ ಪಂಗಡದವರು. ಅವರಿಗೆ ಎಸ್‌ಕ್ಯೂಎಲ್ ಬರುವುದಿಲ್ಲ, ಬರಬೇಕೆಂಬ ಆಸೆಯೂ ಇಲ್ಲ. ಆದರೆ ಪಿಎಚ್‌ಪಿಮೈಅಡ್ಮಿನ್ ಬರುತ್ತದೆ. ಡೇಟಾಬೇಸನ್ನು ಬ್ರೌಸರಿನಲ್ಲಿ ತೆರೆದು ತೋರಿಸುವ ಪರದೆ ಅದು. ಎಡಗಡೆ ಕೋಷ್ಟಕಗಳ ಪಟ್ಟಿ. ಮೇಲೆ ಬ್ರೌಸ್, ಸ್ಟ್ರಕ್ಚರ್, ಸರ್ಚ್, ಎಕ್ಸ್‌ಪೋರ್ಟ್ ಎಂಬ ಗುಂಡಿಗಳು. ಪ್ರತಿ ಸಾಲಿನ ಪಕ್ಕ ಒಂದು ಪುಟ್ಟ ಪೆನ್ಸಿಲ್ಲು. ಇಷ್ಟರಲ್ಲಿ ಅವರು ಯಾವ ಸದಸ್ಯರ ಬಾಕಿ ಯಾವ ತಿಂಗಳಲ್ಲಿ ಕಾಣೆಯಾಯಿತು ಎಂದು ಹಿಡಿದುಕೊಡಬಲ್ಲರು. ಕಚೇರಿಯ ಹಳೆಯ ಸರ್ವರನ್ನು ನಿವೃತ್ತಿಗೊಳಿಸಿ ಎಲ್ಲವನ್ನೂ, ಹಲವು ಯಂತ್ರಗಳನ್ನು ಒಂದಾಗಿ ನಡೆಸುವ ಕ್ಯೂಬರ್ನೆಟೀಸ್ ಕ್ಲಸ್ಟರಿಗೆ ಸಾಗಿಸಿದಾಗ ಆಡಳಿತ ಮಂಡಳಿಗೆ ನಾವು ಬಣ್ಣದ ಚಿತ್ರಗಳಿರುವ ವಿವರಣೆ ಕೊಟ್ಟೆವು. ಎಲ್ಲ ಮುಗಿದ ಮೇಲೆ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಪಿಎಚ್‌ಪಿಮೈಅಡ್ಮಿನ್ ಎಲ್ಲಿ ಹೋಯ್ತು ಸ್ವಾಮಿ?"

ನಮ್ಮ ತಂಡದ ಹುಡುಗ ನಕ್ಕ. ಈ ಕಾಲದಲ್ಲಿ ಅದನ್ನು ಕೇಳುವವರೂ ಇದ್ದಾರಲ್ಲ ಎಂಬ ನಗು ಅದು. ನಗುವವರಿಗೆ ಗೊತ್ತಿರಬೇಕಾದ ವಿಷಯ ಒಂದಿದೆ: ಪಿಎಚ್‌ಪಿಮೈಅಡ್ಮಿನ್ ಕ್ಯೂಬರ್ನೆಟೀಸಿಗಿಂತ ಹದಿನಾರು ವರ್ಷ ದೊಡ್ಡದು. 1998ರ ಸೆಪ್ಟೆಂಬರಿನಲ್ಲಿ ಟೋಬಿಯಾಸ್ ರಾಟ್‌ಶಿಲ್ಲರ್ ಎಂಬಾತ ಅದರ ಮೊದಲ ಆವೃತ್ತಿ ಹೊರಬಿಟ್ಟ. ಸಮಯವಿಲ್ಲವೆಂದು 2000ದಲ್ಲಿ ಆತ ಕೈಬಿಟ್ಟ ಮೇಲೆ, 2001ರಲ್ಲಿ ಮೂವರು ಡೆವಲಪರುಗಳು (ಒಲಿವಿಯೆ ಮ್ಯುಲ್ಲರ್, ಲೊಯಿಕ್ ಶಾಪೋ, ಮಾರ್ಕ್ ದೆಲಿಲ್) ಅದನ್ನು ಎತ್ತಿಕೊಂಡು ಸಾಕಿದರು. ಇವತ್ತಿಗೂ ಅದು ಸ್ವಯಂಸೇವಕರ ಕೂಸು. ಹಿಂದೆ ದೊಡ್ಡ ಕಂಪನಿಯಿಲ್ಲ, ಮಾರಾಟದ ಪ್ರತಿನಿಧಿಗಳಿಲ್ಲ. ಆದರೆ ಹತ್ತಾರು ಭಾಷೆಗಳ ಅನುವಾದವಿದೆ. 

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಒಂದು ತಲೆಮಾರಿಗೆ ಡೇಟಾಬೇಸ್ ಎಂದರೆ ಇದೇ ಪರದೆ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಲೈಬ್ರರಿ ಮ್ಯಾನೇಜ್‌ಮೆಂಟ್ ಇಲ್ಲವೇ ಹಾಸ್ಟೆಲ್ ಮ್ಯಾನೇಜ್‌ಮೆಂಟ್. ಅದಕ್ಕೆ ಝ್ಯಾಂಪ್ ಹಾಕಿ, ಲೋಕಲ್‌ಹೋಸ್ಟ್ ತೆರೆದು, ರೂಟ್ ಎಂಬ ಹೆಸರಿನಲ್ಲಿ, ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗುವುದು. ಆ ಖಾಲಿ ಪಾಸ್‌ವರ್ಡಿನ ಸಲಿಗೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಲಕ್ಷಾಂತರ ಜನರ ವಿವರ ಹೊತ್ತ ಸರ್ವರಿನ ಮುಂದೆ ಕೂತಾಗಲೂ ಕೆಲವರ ಬೆರಳು ಪಾಸ್‌ವರ್ಡಿನ ಜಾಗ ದಾಟಿ ಸೀದಾ ಎಂಟರ್‌ಗೆ ಹೋಗುತ್ತದೆ.

ಇನ್ನು ಕ್ಯೂಬರ್ನೆಟೀಸ್. ಗೂಗಲ್ ತನ್ನ ಒಳಗಿನ ಬೋರ್ಗ್ ಎಂಬ ವ್ಯವಸ್ಥೆಯ ಅನುಭವದ ಮೇಲೆ ಕಟ್ಟಿ 2014ರಲ್ಲಿ ಲೋಕಕ್ಕೆ ತೋರಿಸಿದ್ದು. 2015ರ ಜುಲೈಯಲ್ಲಿ ಅದರ 1.0 ಆವೃತ್ತಿ ಬಂತು. ಅದರ ತತ್ತ್ವವನ್ನು ಮದುವೆಮನೆಯ ಅಡುಗೆಗೆ ಹೋಲಿಸಿ ಹೇಳಿದರೆ ನಮ್ಮವರಿಗೆ ತಟ್ಟನೆ ತಿಳಿಯುತ್ತದೆ. ಊಟದ ಎಲೆ ಇದೆ, ಸಾರಿನ ಕೊಪ್ಪರಿಗೆ ಇದೆ. ಎಲೆ ಹರಿದರೆ ಯಾರೂ ಅಳುವುದಿಲ್ಲ, ಇನ್ನೊಂದು ಹಾಸುತ್ತಾರೆ. ಪಂಕ್ತಿ ಮುಗಿದರೆ ಎತ್ತಿ ಬಿಸಾಡುತ್ತಾರೆ. ಕೊಪ್ಪರಿಗೆ ಉರುಳಿದರೆ ಮಾತ್ರ ಮದುವೆಯೇ ಕೆಟ್ಟಿತು. ಕ್ಲಸ್ಟರಿನಲ್ಲಿ ಪ್ರೋಗ್ರಾಮು ಓಡುವ ಪಾಡ್ ಎಂಬುದು ಎಲೆ. ಎಷ್ಟು ಎಲೆ ಬೇಕು ಎಂದು ಬರೆದಿಟ್ಟರೆ ಸಾಕು, ಒಂದು ಹೋದರೆ ಇನ್ನೊಂದನ್ನು ಅದೇ ಹಾಸಿಕೊಳ್ಳುತ್ತದೆ. ತೊಂದರೆ ಏನೆಂದರೆ, ಈ ತತ್ತ್ವದಲ್ಲಿ ಮೈಮರೆತವರು ಡೇಟಾಬೇಸನ್ನೂ ಎಲೆಯೆಂದು ತಿಳಿಯುತ್ತಾರೆ. ಪಿಎಚ್‌ಪಿಮೈಅಡ್ಮಿನ್ನನ್ನು ಹಳೆಯ ಮಮಕಾರದಿಂದ ಕೊಪ್ಪರಿಗೆಯೆಂದು ಕಾಪಾಡುತ್ತಾರೆ. ಎರಡೂ ತಪ್ಪು.

ಡೇಟಾಬೇಸಿನ ಮೇಲೆ ಮಮಕಾರ ಇರಲೇಬೇಕು. ಮೈಎಸ್‌ಕ್ಯೂಎಲ್ ಕಟ್ಟಿದ ಫಿನ್‌ಲೆಂಡಿನ ಮೈಕೆಲ್ ವಿಡೆನಿಯಸ್ ಅದಕ್ಕೆ ಇಟ್ಟದ್ದು ತನ್ನ ಹಿರಿಯ ಮಗಳ ಹೆಸರು. ಸನ್ ಕಂಪನಿ 2008ರಲ್ಲಿ ಅದನ್ನು ಕೊಂಡು, 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಕೈಗೆ ಹೋಯಿತು. ಇದು ಎಲ್ಲಿಗೆ ಮುಟ್ಟುತ್ತದೆಂದು 2009ರಲ್ಲೇ ಊಹಿಸಿದ್ದ ವಿಡೆನಿಯಸ್ ಕವಲೊಡೆದು ಶುರುಮಾಡಿದ ಡೇಟಾಬೇಸಿಗೆ ಕಿರಿಯ ಮಗಳು ಮರಿಯಾಳ ಹೆಸರಿಟ್ಟು ಮರಿಯಾಡಿಬಿ ಮಾಡಿದ. ಪಾಡುಗಳಿಗೆ ಯಾರೂ ಮಕ್ಕಳ ಹೆಸರಿಡುವುದಿಲ್ಲ. ಅವುಗಳ ಹೆಸರಿನ ಕೊನೆಗೆ ಯಂತ್ರವೇ ಒಂದಷ್ಟು ಅಕ್ಷರ, ಅಂಕಿ ಅಂಟಿಸುತ್ತದೆ, ನೆನಪಿಟ್ಟುಕೊಳ್ಳುವಷ್ಟರಲ್ಲಿ ಬದಲಾಗಿರುತ್ತದೆ.

ಕೊಪ್ಪರಿಗೆಗೆ ಕ್ಲಸ್ಟರಿನಲ್ಲೂ ಬೇರೆ ಮರ್ಯಾದೆ ಇದೆ. ಅದನ್ನು ಸ್ಟೇಟ್‌ಫುಲ್‌ಸೆಟ್ ಆಗಿ ಇಡಬೇಕು, ಪಾಡ್ ಸತ್ತರೂ ಉಳಿಯುವ ಡಿಸ್ಕನ್ನು ಜೋಡಿಸಬೇಕು. ಆ ಡಿಸ್ಕಿನ ಕಾಗದಪತ್ರದಲ್ಲಿ ಒಂದು ಸಣ್ಣ ಷರತ್ತು ಇರುತ್ತದೆ, ಅದನ್ನು ಬಹಳ ಜನ ಓದುವುದಿಲ್ಲ. ಕ್ಲಸ್ಟರ್ ತಾನಾಗಿ ಒದಗಿಸುವ ಡಿಸ್ಕಿಗೆ, ನಾವು ಬೇರೆ ಹೇಳದಿದ್ದರೆ, ಅಳಿಸುವುದೇ ನಿಯಮ. ಡಿಸ್ಕ್ ಬೇಕೆಂದು ಹಾಕಿದ ಕೋರಿಕೆಯನ್ನು ಯಾರಾದರೂ ಅಳಿಸಿದರೆ ಡಿಸ್ಕೂ ಜೊತೆಗೇ ಹೋಗುತ್ತದೆ. ರಿಟೇನ್ ಎಂಬ ಒಂದು ಪದ ಬರೆದರೆ ಉಳಿಯುತ್ತದೆ. ಬಾಡಿಗೆ ಕರಾರಿನ ಸಣ್ಣಕ್ಷರ ಓದುವ ನಮ್ಮ ಹಿರಿಯರು ಈ ಕೆಲಸಕ್ಕೆ ಬಂದಿದ್ದರೆ ಮೊದಲ ದಿನವೇ ಅದಕ್ಕೆ ಕೆಂಪು ಗೆರೆ ಎಳೆಯುತ್ತಿದ್ದರು.

ಪಿಎಚ್‌ಪಿಮೈಅಡ್ಮಿನ್ ಹಾಕುವುದು ನಿಜಕ್ಕೂ ಸುಲಭ. ಸಿದ್ಧ ಇಮೇಜ್ ಇದೆ. ಒಂದು ಯಾಮಲ್ ಕಡತದಲ್ಲಿ ಡಿಪ್ಲಾಯ್‌ಮೆಂಟ್ ಬರೆದು, ಇನ್ನೊಂದರಲ್ಲಿ ಸರ್ವಿಸ್ ಬರೆದು, ಪಿಎಂಎ_ಹೋಸ್ಟ್ ಎಂಬಲ್ಲಿ ಡೇಟಾಬೇಸಿನ ಸರ್ವಿಸ್ ಹೆಸರು ಕೊಟ್ಟರೆ ಮುಗಿಯಿತು. ಐಪಿ ವಿಳಾಸ ಕೊಡಬಾರದು. ಪಾಡುಗಳ ವಿಳಾಸಕ್ಕೆ ಸ್ಥಿರತೆಯಿಲ್ಲ, ಸರ್ವಿಸ್ಸಿನ ಹೆಸರಿಗಿದೆ. ಯಾಮಲ್ ಮಾತ್ರ ಮಡಿವಂತ. ಸಾಲಿನ ಮೊದಲಿನ ಖಾಲಿ ಜಾಗದಿಂದಲೇ ಅದು ಯಾರು ಯಾರ ಮಗು ಎಂದು ತಿಳಿಯುತ್ತದೆ. ಟ್ಯಾಬ್ ಒತ್ತಿ ಜಾಗ ಬಿಟ್ಟರೆ ಮುಟ್ಟುವುದೇ ಇಲ್ಲ. ಪಾಡಿಗೆ ಕೊಟ್ಟ ಲೇಬಲ್ಲೂ ಸರ್ವಿಸ್ ಹುಡುಕುವ ಲೇಬಲ್ಲೂ ಒಂದಕ್ಷರ ಬೇರೆಯಾದರೂ ಎಲ್ಲವೂ ಹಸಿರಾಗಿ ಕಾಣುತ್ತದೆ, ಯಾವುದೂ ಕೆಲಸ ಮಾಡುವುದಿಲ್ಲ. ಪಾಡ್ ಎದ್ದು ಬಿದ್ದು ಮಾಡತೊಡಗಿದರೆ ಕ್ಲಸ್ಟರ್ ಅದನ್ನು ಮತ್ತೆ ಎಬ್ಬಿಸುವ ಮುನ್ನ ಹತ್ತು ಸೆಕೆಂಡು ಕಾಯುತ್ತದೆ, ಆಮೇಲೆ ಇಪ್ಪತ್ತು, ನಲವತ್ತು, ಹೀಗೆ ಐದು ನಿಮಿಷದವರೆಗೆ. ಕೋಪ ಬಂದಾಗ ಹಾಗೆ ಕಾಯುವ ಸಂಯಮ ಅದನ್ನು ನೋಡುತ್ತ ಕೂತವರಲ್ಲಿ ನಾನು ಕಂಡಿಲ್ಲ.

ಹುಡುಗನಿಗೆ ಒಂದು ಪಾಡ್ ಎಂದರೆ ಅವಮಾನ. "ಸರ್, ಒಂದು ಬಿದ್ದರೆ ಇನ್ನೊಂದು ಇರಲಿ" ಎಂದು ಎರಡು ಮಾಡಿದ. ಹಿರಿಯರು ಲಾಗಿನ್ ಆದರು, ಕೋಷ್ಟಕದ ಮೇಲೆ ಒತ್ತಿದರು, ಮತ್ತೆ ಲಾಗಿನ್ ಪುಟ ಬಂತು. ಮತ್ತೆ ಒಳಗೆ, ಮತ್ತೆ ಹೊರಗೆ. ಇದರಲ್ಲಿ ಮಾಯೆಯೇನೂ ಇಲ್ಲ. ಪಿಎಚ್‌ಪಿಮೈಅಡ್ಮಿನ್ ನಿಮ್ಮ ಸೆಷನ್ನನ್ನು ತನ್ನ ಪಾಡಿನೊಳಗಿನ ಕಡತದಲ್ಲಿ ಬರೆದಿಡುತ್ತದೆ. ಕುಕಿಯನ್ನು ಮುಚ್ಚಿಡುವ ಗುಟ್ಟಿನ ಪದವನ್ನೂ, ನೀವಾಗಿ ಕೊಡದಿದ್ದರೆ, ಪ್ರತಿ ಪಾಡ್ ಹುಟ್ಟಿದಾಗ ತಾನೇ ಹೊಸದಾಗಿ ಹೆಣೆಯುತ್ತದೆ. ಮೊದಲ ಕೋರಿಕೆ ಈ ಪಾಡಿಗೆ ಹೋಗಿ, ಎರಡನೆಯದು ಆ ಪಾಡಿಗೆ ಹೋದರೆ ಅದು "ನೀವ್ಯಾರು?" ಎನ್ನದೆ ಇನ್ನೇನು ಮಾಡೀತು? ಒಬ್ಬರನ್ನು ಸದಾ ಒಂದೇ ಪಾಡಿಗೆ ಕಳಿಸುವ ಸೆಷನ್ ಅಫಿನಿಟಿ ಎಂಬ ಉಪಾಯವಿದೆ. ಅದಕ್ಕಿಂತ ಒಳ್ಳೆಯ ಉಪಾಯ ಒಂದೇ ಪಾಡ್ ಇಡುವುದು. ದಿನಕ್ಕೆ ಒಂದಿಬ್ಬರು ಬಳಸುವ ಪರದೆಗೆ ಹೈ ಅವೈಲಬಿಲಿಟಿ ಯಾತಕ್ಕೆ?

ಹಳೆಯ ಡೇಟಾ ಒಳಗೆ ತರುವಾಗ ಇನ್ನೊಂದು ಪಾಠ. ಇಂಪೋರ್ಟ್ ಗುಂಡಿ ಒತ್ತಿದರೆ 413 ಎಂಬ ಸಂಖ್ಯೆ ತೋರಿಸಿ ಕೈತೊಳೆದುಕೊಂಡಿತು. ಕಡತ ದೊಡ್ಡದಾಯಿತು ಎಂದು ಅರ್ಥ. ಪಿಎಚ್‌ಪಿಯ ಮಿತಿ ಏರಿಸಿದರೂ ಅದೇ 413, ಏಕೆಂದರೆ ಆ ಉತ್ತರ ಕೊಟ್ಟದ್ದು ಪಿಎಚ್‌ಪಿಮೈಅಡ್ಮಿನ್ ಅಲ್ಲ, ಅದರ ಮುಂದೆ ನಿಂತ ಎಂಜಿನ್‌ಎಕ್ಸ್ ಇಂಗ್ರೆಸ್. ಹೇಳದಿದ್ದರೆ ಅದು ಒಳಬಿಡುವುದು 1 ಮೆಗಾಬೈಟ್. ಅದನ್ನು ದಾಟಿದರೆ ಪಿಎಚ್‌ಪಿಮೈಅಡ್ಮಿನ್ ಇಮೇಜಿನ 2 ಮೆಗಾಬೈಟ್ ಮಿತಿ. ಅದನ್ನೂ ದಾಟಿದರೆ ಇಷ್ಟು ಸಮಯದೊಳಗೆ ಕೆಲಸ ಮುಗಿಸಬೇಕೆಂಬ ಗಡುವು. ಸರ್ಕಾರಿ ಕಚೇರಿಯಲ್ಲಿ ಅಲೆದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ: ತಿರಸ್ಕರಿಸಿದವರು ಯಾರು ಎಂದು ಗೊತ್ತಾಗುವವರೆಗೆ ಅರ್ಜಿ ತಿದ್ದಿ ಪ್ರಯೋಜನವಿಲ್ಲ. ಅಸಲಿಗೆ ಇಷ್ಟು ದೊಡ್ಡ ಕಡತವನ್ನು ಬ್ರೌಸರಿನಲ್ಲಿ ತುರುಕುವುದೇ ಸರಿಯಲ್ಲ. ಡೇಟಾಬೇಸಿನ ಪಾಡಿಗೆ ನೇರವಾಗಿ ಕಮ್ಯಾಂಡ್ ಮೂಲಕ ಸುರಿಯುವುದು ಲೇಸು. ಪರದೆ ಇರುವುದು ನೋಡುವುದಕ್ಕೆ.

ನೋಡಿದಾಗ ಕಂಡದ್ದು ಮಾತ್ರ ಬೇರೆಯೇ ಲೋಕ. ಕೆಲವು ಕೋಷ್ಟಕಗಳಲ್ಲಿ ಸದಸ್ಯರ ಕನ್ನಡ ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ. ಸ್ಟ್ರಕ್ಚರ್ ಪುಟ ತೆರೆದರೆ ಕಾರಣ ಎದುರಿಗೇ ಇತ್ತು: ಲ್ಯಾಟಿನ್1_ಸ್ವೀಡಿಷ್_ಸಿಐ. ಮೈಎಸ್‌ಕ್ಯೂಎಲ್ ಬೆಳೆದದ್ದು ಸ್ವೀಡನ್ನಿನ ಕಂಪನಿಯಲ್ಲಿ. ಹಾಗಾಗಿ ಬಳಸುವವರು ಬೇರೆ ಹೇಳದಿದ್ದರೆ ಅಕ್ಷರಗಳನ್ನು ಲ್ಯಾಟಿನ್ ಎಂದೂ ಅಕಾರಾದಿಯನ್ನು ಸ್ವೀಡಿಷ್ ಎಂದೂ ಅದು ತಿಳಿಯುತ್ತಿತ್ತು, 2018ರಲ್ಲಿ 8.0 ಬಂದ ಮೇಲೆ ಯುಟಿಎಫ್8ಎಂಬಿ4 ಮೂಲ ನಿಯಮವಾಯಿತು. ಅಷ್ಟರವರೆಗೆ ಚಿಕ್ಕಬಳ್ಳಾಪುರದವರೂ ಸಿರಸಿಯವರೂ ಸ್ವೀಡಿಷ್ ಪಂಕ್ತಿಯಲ್ಲಿ ಕೂತಿದ್ದರು. ಕನ್ನಡ ಅಕ್ಷರ ವಿಕಾರವಾಗಿ, ಗುರುತು ಸಿಗದ ಲ್ಯಾಟಿನ್ ಅಕ್ಷರಗಳಾಗಿ ಕಂಡರೆ ಆಸೆ ಇಟ್ಟುಕೊಳ್ಳಬಹುದು, ಬೈಟ್‌ಗಳು ಒಳಗೆ ಹಾಗೇ ಇರುತ್ತವೆ, ಸರಿಯಾಗಿ ಓದಿಸಿದರೆ ಹೆಸರು ಮರಳುತ್ತದೆ. ನಿಜವಾದ ಪ್ರಶ್ನಾರ್ಥಕವೇ ದಾಖಲಾಗಿದ್ದರೆ ಮುಗಿಯಿತು, ಆ ಹೆಸರು ಹೋದಂತೆಯೇ.

ಮತ್ತೆ ಕೆಲವು ಹೆಸರುಗಳು ಅರ್ಧಕ್ಕೇ ತುಂಡಾಗಿದ್ದವು. ಕೃಷ್ಣಮೂರ್ತಿ ಎಂಬ ಹೆಸರನ್ನು ನಾವು ನಾಲ್ಕು ಅಕ್ಷರ ಎಂದು ಎಣಿಸುತ್ತೇವೆ. ಡೇಟಾಬೇಸಿಗೆ ಅದು ಹನ್ನೊಂದು: ಒತ್ತಕ್ಷರದ ಹಿಂದಿನ ಹಲಂತವೂ ಒಂದು, ಕೊಂಬೂ ಒಂದು, ಗುಡಿಸೂ ಒಂದು. ಡಿಸ್ಕಿನಲ್ಲಿ ಇವು ಹಿಡಿಯುವುದು 33 ಬೈಟ್. ಇಂಗ್ಲಿಷ್ ಹೆಸರಿಗೆ 20 ಅಕ್ಷರ ಸಾಕು ಎಂದು ಲೆಕ್ಕ ಹಾಕಿದವನು ಕೃಷ್ಣಮೂರ್ತಿಯನ್ನು ಹೇಗೋ ಒಳಗೆ ಬಿಟ್ಟುಕೊಂಡ, ಅವರಪ್ಪನ ಹೆಸರನ್ನೂ ಊರಿನ ಹೆಸರನ್ನೂ ಸೇರಿಸಿ ಬರೆದವರನ್ನು ಹೊಸ್ತಿಲಲ್ಲೇ ಕತ್ತರಿಸಿದ. ಇವೆಲ್ಲ ಎಷ್ಟೋ ವರ್ಷಗಳಿಂದ ಹಾಗೇ ಇದ್ದವು. ಅಪ್ಲಿಕೇಶನ್ ಎಲ್ಲರಿಗೂ ಸದಸ್ಯತ್ವದ ಸಂಖ್ಯೆ ತೋರಿಸುತ್ತಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ಒಳಗೆ ಏನಿದೆ ತೋರಿಸಿ ಎನ್ನುವವರ ಮೇಲೆ ನನಗಿರುವ ಗೌರವಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗೆಂದು ತೋರಿಸುವ ಪರದೆಯನ್ನು ಸದಾ ತೆರೆದಿಡಬಹುದೇ? ಅಂತರ್ಜಾಲಕ್ಕೆ ಮುಖಮಾಡಿದ ಯಾವುದೇ ಸರ್ವರಿನ ಲಾಗ್ ತೆರೆದು ನೋಡಿ, ಅಲ್ಲಿ ಗುರುತಿಲ್ಲದ ವಿಳಾಸಗಳಿಂದ ಒಂದೇ ಪ್ರಶ್ನೆ ಬರುತ್ತಿರುತ್ತದೆ: ಪಿಎಚ್‌ಪಿಮೈಅಡ್ಮಿನ್ ಇದೆಯೇ? ಪಿಎಂಎ ಇದೆಯೇ? ಮೈಅಡ್ಮಿನ್ ಇದೆಯೇ? ಕೇಳುತ್ತಿರುವುದು ಮನುಷ್ಯರಲ್ಲ, ಬಾಗಿಲಿಂದ ಬಾಗಿಲಿಗೆ ಅಲೆಯುವ ಪ್ರೋಗ್ರಾಮುಗಳು. ನೀವು ಹೊಸ ಸರ್ವರ್ ಹಾಕಿದ ಸುದ್ದಿ ನಿಮ್ಮ ಮನೆಯವರಿಗಿಂತ ಮೊದಲು ಅವಕ್ಕೆ ತಲುಪುತ್ತದೆ. ದೊಡ್ಡವರೂ ಇದರಿಂದ ಹೊರತಲ್ಲ. 2018ರ ಫೆಬ್ರವರಿಯಲ್ಲಿ ರೆಡ್‌ಲಾಕ್ ಎಂಬ ಭದ್ರತಾ ಸಂಸ್ಥೆ, ಟೆಸ್ಲಾ ಕಂಪನಿಯ ಕ್ಯೂಬರ್ನೆಟೀಸ್ ನಿರ್ವಹಣೆಯ ಪರದೆ ಪಾಸ್‌ವರ್ಡ್ ಇಲ್ಲದೆ ತೆರೆದಿತ್ತು, ಯಾರೋ ಒಳನುಗ್ಗಿ ಅಲ್ಲಿ ಕ್ರಿಪ್ಟೋ ಕರೆನ್ಸಿ ಅಗೆಯುತ್ತಿದ್ದರು ಎಂದು ಬಯಲಿಗೆ ತಂದಿತು. ಅಂಥ ಕಾರು ಕಟ್ಟುವವರ ಮನೆಯಲ್ಲೂ ಮರೆತುಹೋದದ್ದು ಒಂದು ಲಾಗಿನ್ ಪುಟ.

ಕ್ಲಸ್ಟರಿನಲ್ಲಿ ಈ ಮರೆವಿಗೆ ಅನುಕೂಲಗಳು ಬಹಳ. ಪಿಎಂಎ_ಯೂಸರ್, ಪಿಎಂಎ_ಪಾಸ್‌ವರ್ಡ್ ಎರಡನ್ನೂ ಯಾಮಲಿನಲ್ಲಿ ತುಂಬಿದರೆ ಪಿಎಚ್‌ಪಿಮೈಅಡ್ಮಿನ್ ಲಾಗಿನ್ ಕೇಳುವುದನ್ನೇ ಬಿಡುತ್ತದೆ; ವಿಳಾಸ ಗೊತ್ತಿದ್ದವರೆಲ್ಲ ಯಜಮಾನರು. ಸೀಕ್ರೆಟ್ ಎಂಬ ಹೆಸರಿನ ವಸ್ತುವಿನಲ್ಲಿ ಪಾಸ್‌ವರ್ಡ್ ಇಟ್ಟೆವು, ಇನ್ನು ನಿಶ್ಚಿಂತೆ ಎನ್ನುವವರು, ಅದು ಬೇಸ್64 ಎಂಬ ಬೇರೆ ಬರಹ ಮಾತ್ರ, ಗೂಢಲಿಪಿಯಲ್ಲ, ಒಂದು ಸಾಲಿನ ಕಮ್ಯಾಂಡಿಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಮರೆತಿರುತ್ತಾರೆ. ನೋಡ್‌ಪೋರ್ಟ್ ಹಾಕಿದರೆ 30000ದ ಮೇಲಿನ ಯಾವುದೋ ಸಂಖ್ಯೆಯಲ್ಲಿ ತೆರೆದುಕೊಳ್ಳುತ್ತದೆ. ಅಷ್ಟು ದೊಡ್ಡ ಸಂಖ್ಯೆ ಯಾರು ಹುಡುಕಿಯಾರು ಎಂಬುದು ನಮ್ಮ ಭ್ರಮೆ. ಎಣಿಸುವುದರಲ್ಲಿ ಯಂತ್ರಕ್ಕೆ ಬೇಸರವಿಲ್ಲ.

ಒಳಗಿನವರಿಂದ ಆಗುವ ಅಪಾಯ ಬೇರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ತಡರಾತ್ರಿ, ತಾನು ಎರಡನೇ ಸರ್ವರಿನಲ್ಲಿದ್ದೇನೆ ಎಂದುಕೊಂಡು ಅಸಲಿ ಸರ್ವರಿನ ಡೇಟಾಬೇಸ್ ಅಳಿಸಿದರು. ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದಿದ್ದು 4.5. ಬ್ಯಾಕಪ್ಪಿಗೆಂದು ಇದ್ದ ಹಲವು ಏರ್ಪಾಡುಗಳು ಆ ಹೊತ್ತಿಗೆ ಕೈಕೊಟ್ಟವು. ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಪ್ರತಿ ಉಳಿಸಿತು. ಮರುಸ್ಥಾಪನೆಯನ್ನು ಅವರು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರು, ಕಾರಣಗಳನ್ನು ಬರೆದು ಪ್ರಕಟಿಸಿದರು. ಆ ಪ್ರಾಮಾಣಿಕತೆಗೆ ನಮಸ್ಕಾರ. ಅವರ ಕಥೆಯಿಂದ ನಾವು ಕಲಿತದ್ದು ತೀರಾ ಸಣ್ಣದು. ಪಿಎಂಎ_ವರ್ಬೋಸ್ ಎಂಬ ಜಾಗದಲ್ಲಿ ಸರ್ವರಿಗೆ ಹೆಸರು ಕೊಡಬಹುದು. ಒಂದಕ್ಕೆ "ಅಸಲಿ", ಇನ್ನೊಂದಕ್ಕೆ "ಪರೀಕ್ಷೆ" ಎಂದು ಕನ್ನಡದಲ್ಲೇ ಬರೆದೆವು. ಡ್ರಾಪ್ ಗುಂಡಿಗೆ ಬೆರಳು ಹೋಗುವ ಮುನ್ನ ಕಣ್ಣು ಆ ಹೆಸರಿನ ಮೇಲೆ ಬೀಳಲಿ ಎಂದು.

ಇಷ್ಟೆಲ್ಲ ಯೋಚಿಸಿ ನಾವು ಮಾಡಿದ ಏರ್ಪಾಡು ಇದು. ಪಿಎಚ್‌ಪಿಮೈಅಡ್ಮಿನ್‌ಗೆ ಪ್ರತ್ಯೇಕ ನೇಮ್‌ಸ್ಪೇಸ್. ಡೇಟಾಬೇಸಿನ 3306ನೇ ಪೋರ್ಟಿಗೆ ಅಪ್ಲಿಕೇಶನ್ ಬಿಟ್ಟರೆ ಅಲ್ಲಿಂದ ಮಾತ್ರ ಪ್ರವೇಶ ಎಂದು ನೆಟ್‌ವರ್ಕ್ ಪಾಲಿಸಿ. ಆ ಪಾಲಿಸಿಯನ್ನು ಪಾಲಿಸುವ ನೆಟ್‌ವರ್ಕ್ ಪ್ಲಗಿನ್ ಕ್ಲಸ್ಟರಿನಲ್ಲಿ ಇದೆಯೇ ಎಂದು ಮೊದಲು ಪರೀಕ್ಷೆ, ಇಲ್ಲದಿದ್ದರೆ ಪಾಲಿಸಿ ಬರೀ ಕಾಗದ. ಇಂಗ್ರೆಸ್ ತೆಗೆದುಹಾಕಿದೆವು. ಹೊರಗಿನಿಂದ ದಾರಿಯೇ ಇಲ್ಲ. ಪೋರ್ಟ್ ಫಾರ್ವರ್ಡ್ ಮೂಲಕ ಮಾತ್ರ, ಅದೂ ಕ್ಲಸ್ಟರಿನ ಅನುಮತಿ ಇದ್ದವರಿಗೆ. ಹಿರಿಯರ ಡೇಟಾಬೇಸ್ ಖಾತೆಗೆ ಸೆಲೆಕ್ಟ್ ಅಧಿಕಾರ ಮಾತ್ರ. ಇದನ್ನು ಹೇಳಲು ನಾವು ಹಿಂಜರಿಯುತ್ತಿದ್ದಾಗ ಅವರೇ "ನನಗೆ ತಿದ್ದೋ ಹಕ್ಕು ಬೇಡ, ತಿದ್ದಿದೋರು ಯಾರು ಅಂತ ನಾಳೆ ನನ್ನನ್ನೇ ಕೇಳ್ತೀರಿ" ಎಂದರು. ಅರ್ಧ ಶತಮಾನದ ಲೆಕ್ಕಪತ್ರಶಾಸ್ತ್ರ ಆ ಮಾತಿನಲ್ಲಿತ್ತು. ಭದ್ರತೆಯ ಪುಸ್ತಕಗಳು ಅಧ್ಯಾಯಗಟ್ಟಲೆ ಹೇಳುವುದೂ ಅದನ್ನೇ.

ಕೊನೆಯ ಏರ್ಪಾಡು ಹುಡುಗನದು. ಎರಡು ಪಾಡ್ ಕೇಳಿದವನೇ ಸೂಚಿಸಿದ್ದು ಎಂಬುದು ವಿಶೇಷ. ಡಿಪ್ಲಾಯ್‌ಮೆಂಟಿನ ರೆಪ್ಲಿಕಾ ಸಂಖ್ಯೆಯನ್ನು ಸೊನ್ನೆಯಲ್ಲಿ ಇಡುವುದು. ಹಿರಿಯರ ಡೆಸ್ಕ್‌ಟಾಪಿನಲ್ಲಿ ಒಂದು ಐಕಾನ್ ಇದೆ. ಒತ್ತಿದರೆ ಸೊನ್ನೆ ಒಂದಾಗುತ್ತದೆ, ಪಾಡ್ ಏಳುತ್ತದೆ, ಪೋರ್ಟ್ ಫಾರ್ವರ್ಡ್ ಆಗಿ ಬ್ರೌಸರಿನಲ್ಲಿ ಹಳೆಯ ಪರದೆ ತೆರೆಯುತ್ತದೆ. ಸಂಜೆ ಒಂದು ಕ್ರಾನ್‌ಜಾಬ್ ಬಂದು ಮತ್ತೆ ಸೊನ್ನೆ ಮಾಡಿಹೋಗುತ್ತದೆ. ಇಲ್ಲದ ಪಾಡನ್ನು ಯಾವ ಕಳ್ಳನೂ ಮುರಿಯಲಾರ. ಅದು ಅಳಿದರೆ ಏನೂ ನಷ್ಟವಿಲ್ಲ, ಏಕೆಂದರೆ ಅದರೊಳಗೆ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ. ಕ್ಯೂಬರ್ನೆಟೀಸಿನ ತತ್ತ್ವ ಡೇಟಾಬೇಸಿನ ವಿಷಯದಲ್ಲಿ ತಿಣುಕಾಡುತ್ತದೆ, ಈ ಹಳೆಯ ಪರದೆಯ ವಿಷಯದಲ್ಲಿ ಹೇಳಿಮಾಡಿಸಿದ ಹಾಗಿದೆ.

ಓದುಗರಲ್ಲಿ ಯಾರಾದರೂ ನನ್ನಂತೆ ಇದೇ ಕಸುಬಿನವರಿದ್ದರೆ ಒಂದು ಮಾತು. ನಿಮ್ಮ ಪಿಎಚ್‌ಪಿಮೈಅಡ್ಮಿನ್, ಅಡ್ಮಿನರ್, ಪಿಜಿಅಡ್ಮಿನ್, ಯಾವುದೇ ಇರಲಿ, ಹೊರಲೋಕಕ್ಕೆ ಕಾಣುತ್ತಿದೆಯೇ ಎಂದು ಕಚೇರಿಯ ನೆಟ್‌ವರ್ಕಿನಿಂದ ಅಲ್ಲ, ನಿಮ್ಮ ಫೋನಿನ ಇಂಟರ್ನೆಟ್ಟಿನಿಂದ ಒಮ್ಮೆ ನೋಡಿ. ಕಂಡರೆ ಇವತ್ತೇ ಮುಚ್ಚಿ. ಆಮೇಲೆ ಡೇಟಾಬೇಸಿನ ಬ್ಯಾಕಪ್ ತೆಗೆದು, ಬೇರೊಂದು ಕಡೆ ಅದನ್ನು ಮರುಸ್ಥಾಪಿಸಿ, ಒಂದೆರಡು ಕನ್ನಡ ಹೆಸರು ಸರಿಯಾಗಿ ಬಂದಿವೆಯೇ ಎಂದು ಕಣ್ಣಾರೆ ಓದಿ. ಮರುಸ್ಥಾಪಿಸಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ.